ನಂಬರಪ್ಪ ಹೇಳಿದ ಎಂಟು

ಮುಖ ಮರೆತರೂ ಕಾಲು ಮರೆಯದವನು ಒಬ್ಬನಿದ್ದ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದೊಂದು ಚಪ್ಪಲಿ ಅಂಗಡಿ. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಷ್ಟೇ ಉಳಿದಿತ್ತು, ಜನರ ಬಾಯಲ್ಲಿ ಅವನು ನಂಬರಪ್ಪ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಾಲು ನೋಡಿ "ಏಳು" ಎನ್ನುತ್ತಿದ್ದ, ಇಲ್ಲವೇ "ಆರು, ಆದ್ರೆ ಎಡಗಾಲು ಒಂದು ಎಳೆ ಜಾಸ್ತಿ" ಎನ್ನುತ್ತಿದ್ದ. ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು. ಈ ಒಂದು ವಿದ್ಯೆಯ ಮೇಲೆ ಅವನಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಬೇರೆ ಯಾವ ಜಂಬಕ್ಕೂ ಪಾಪ ಅವನ ಹತ್ತಿರ ಬಂಡವಾಳ ಇರಲಿಲ್ಲ.

ಅಳೆಯುವ ಹಲಗೆ ಅವನ ಅಪ್ಪನ ಕಾಲದ್ದು. ಒಂದು ತುದಿಯಲ್ಲಿ ಹಿಮ್ಮಡಿ ತಾಗಿಸಲು ಅಡ್ಡಪಟ್ಟಿ, ಮುಂದಿನಿಂದ ಬೆರಳಿನ ತನಕ ಸರಿಸಲು ಒಂದು ಮರದ ತುಂಡು, ಪಕ್ಕದಲ್ಲಿ ಅಂಕಿಗಳು. ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ, ತಾನು ಕುಳ್ಳ ಸ್ಟೂಲಿನ ಮೇಲೆ ಕೂತು, ಕಾಲುಚೀಲವನ್ನು ತಾನೇ ಬಿಚ್ಚುತ್ತಿದ್ದ. ತುಂಡನ್ನು ಬೆರಳಿಗೆ ಒತ್ತಿ "ತಾಗ್ತಾ?" ಎಂದು ಕೇಳುತ್ತಿದ್ದ. "ಹ್ಞೂಂ" ಎಂದ ಮೇಲೆ ನಂಬರು ಹೇಳಿ, ಕಾಲುಚೀಲ ತಾನೇ ಹಾಕಿ, ಕಾಲನ್ನು ನೆಲದ ಮೇಲೆ ಮೆಲ್ಲಗೆ ಇಳಿಸುತ್ತಿದ್ದ. ಕೊಳ್ಳಲಿ ಬಿಡಲಿ, ಅಳತೆಗೆ ಅವನು ಯಾರ ಹತ್ತಿರವೂ ಒಂದು ಕಾಸು ಕೇಳಿದವನಲ್ಲ.

ಅಲ್ಲೇ ಅವನು ಕೆಟ್ಟದ್ದು. ಫೋನು ಬಂದ ಮೇಲೆ ಜನ ಅವನ ಬೆಂಚಿನ ಮೇಲೆ ಕೂತು, ಅವನ ಹಲಗೆಯ ಮೇಲೆ ಕಾಲಿಟ್ಟು, ಅವನ ಶೂ ಹಾಕಿಕೊಂಡು ಅವನ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು, ಬಾಕ್ಸಿನ ಮೇಲಿನ ಹೆಸರಿಗೊಂದು ಫೋಟೋ ಹೊಡೆದುಕೊಂಡು, "ಬರ್ತೀನಿ" ಎಂದು ಎದ್ದು ಹೋಗುತ್ತಿದ್ದರು. ಎಲ್ಲಿಗೆ? ಮನೆಗೆ, ಆನ್‌ಲೈನಿನಲ್ಲಿ ತರಿಸಲು. ಇನ್ನು ಕೆಲವರಿಗೆ ಅಷ್ಟೂ ನಾಚಿಕೆ ಇರಲಿಲ್ಲ. "ಇದ್ರಲ್ಲಿ ನಲವತ್ತು ಪರ್ಸೆಂಟ್ ಆಫ್ ಇದೆ, ನೀವೆಷ್ಟು ಬಿಡ್ತೀರಾ?" ಎಂದು ಮುಖಕ್ಕೇ ಫೋನು ಹಿಡಿಯುತ್ತಿದ್ದರು. ಅವರು ತೋರಿಸುವ ಬೆಲೆಗೆ ಅವನಿಗೇ ಮಾಲು ಸಿಗುತ್ತಿರಲಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು.

ಮೊದಲ ಸುಳ್ಳು ಸಿಟ್ಟಿನಲ್ಲಿ ಬಾಯಿ ಜಾರಿ ಬಂದದ್ದು. ಟೈ ಕಟ್ಟಿದ ಒಬ್ಬ ಮಹಾನುಭಾವ ಆರು ಜೊತೆ ಹಾಕಿ ತೆಗೆದು, ಆರಕ್ಕೂ ಫೋಟೋ ಹೊಡೆದುಕೊಂಡು, "ಕರೆಕ್ಟ್ ಸೈಜ್ ಒಂದು ಹೇಳ್ಬಿಡಿ" ಎಂದ. ಹತ್ತು ಎನ್ನಬೇಕಾದ ಕಡೆ ನಂಬರಪ್ಪ ಒಂಬತ್ತು ಎಂದ. ವಾರದ ಮೇಲೆ ಅದೇ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಬಂದ. ಬಂದ ಶೂ ಬಿಗಿ, ವಾಪಸ್ ಕಳಿಸಲು ಮೂರು ದಿನ ಒದ್ದಾಟ, ಸಾಕಪ್ಪಾ ಸಾಕು ಎಂದು ಅಂಗಡಿಯಲ್ಲೇ ಒಂದು ಜೊತೆ ಕೊಂಡ. ನಂಬರಪ್ಪ ಒಳಗೊಳಗೇ ನಕ್ಕ. ಫಲ ಕೊಟ್ಟ ಸುಳ್ಳು ಚಟವಾಗಲು ಎಷ್ಟು ಹೊತ್ತು? ಫೋಟೋ ಹೊಡೆದುಕೊಂಡು ಹೋಗುವವರಿಗೆಲ್ಲ ಅವನು ಒಂದು ನಂಬರು ಕಡಿಮೆ ಹೇಳತೊಡಗಿದ. ಹತ್ತರಲ್ಲಿ ಇಬ್ಬರಾದರೂ ತಿರುಗಿ ಬರುತ್ತಿದ್ದರು. ಇದರಲ್ಲಿ ಯಾರಿಗೇನು ನಷ್ಟ, ಕಚ್ಚಿದರೆ ಬಿಚ್ಚುತ್ತಾರೆ ಎಂಬುದು ಅವನ ಲೆಕ್ಕ.

ಆ ಲೆಕ್ಕಕ್ಕೆ ಸಿಗದವರು ಕಂಡಕ್ಟರು.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಇದ್ದು ನಿವೃತ್ತರಾದವರು. ಯಾರ ಚಿಲ್ಲರೆಯನ್ನೂ ಉಳಿಸಿಕೊಂಡವರಲ್ಲ. ಇಳಿದು ಹೋದವನ ಹಿಂದೆ ಓಡಿ ಬಾಕಿ ಕೊಟ್ಟು ಬಂದವರು ಎಂದು ಊರೇ ಹೇಳುತ್ತಿತ್ತು. ಮನೆಯಲ್ಲಿ ಕೂತ ಮೇಲೆ ಮಗಳು ಒಂದು ಫೋನು ಕೊಡಿಸಿದಳು, ಆಮೇಲೆ ಕೇಳಬೇಕೇ! ಮೂರು ಕಡೆ ಬೆಲೆ ನೋಡದೆ ಅವರು ಒಂದು ಸೋಪನ್ನೂ ತರಿಸುತ್ತಿರಲಿಲ್ಲ. ಸಾಮಾನನ್ನು ಕಾರ್ಟಿನಲ್ಲಿ ಹಾಕಿ ಎರಡು ದಿನ ಸುಮ್ಮನಿದ್ದುಬಿಡುತ್ತಿದ್ದರು. "ಅವರೇ ಬೆಲೆ ಇಳಿಸಿ ಕರೀತಾರೆ, ನೋಡ್ತಿರಿ! ಖಾಲಿ ಸೀಟು ಕಂಡ್ರೆ ನಾವು ಕೂಗಿ ಕರೀತಿರ್ಲಿಲ್ವಾ?" ಎಂದು ನಗುತ್ತಿದ್ದರು. ಕಲಿತದ್ದನ್ನು ಬಚ್ಚಿಟ್ಟುಕೊಳ್ಳುವ ಬುದ್ಧಿ ಅವರಿಗಿರಲಿಲ್ಲ. ದಾರಿಯಲ್ಲಿ ಸಿಕ್ಕವರ ಫೋನಿಗೂ ಕೂಪನ್ ಹಾಕಿಕೊಡುತ್ತಿದ್ದರು.

ನಂಬರಪ್ಪನ ಬೆಂಚಿನ ಮೇಲೆ ವಾರಕ್ಕೆರಡು ಸಲ ಬಂದು ಕೂರುವುದು ಅವರಿಗೆ ರೂಢಿ. ಅವರಿಗೆ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶಜ್ಞಾನವೇ ಇರಲಿಲ್ಲ. ಒಮ್ಮೆ ಚಪ್ಪಲಿಯೊಳಗೆ ಮೊಳೆ ಎದ್ದು ಇಡೀ ಬೆಳಗ್ಗೆ ಚುಚ್ಚಿದರೂ ತಿಳಿಯದೆ, ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಕಂಡ ಮೇಲೆ ಗೊತ್ತಾಯಿತಂತೆ. "ನನ್ನ ಕಾಲು ನನ್ನ ಜೊತೆ ಮಾತು ಬಿಟ್ಟಿದೆ ಕಣ್ರೀ" ಎಂದು ಅದನ್ನೂ ನಗುತ್ತಲೇ ಹೇಳಿದ್ದರು. ಹೇಳಿದ್ದು ಇದೇ ಬೆಂಚಿನ ಮೇಲೆ, ನಂಬರಪ್ಪನ ಮುಂದೆ. ಅವನಿಗೆ ಅದು ಮರೆತಿತ್ತು ಎಂದು ನಾನು ಬರೆದರೆ ನಾನೂ ಸುಳ್ಳುಗಾರನಾಗುತ್ತೇನೆ.

ಆ ದಿನ ಮಧ್ಯಾಹ್ನದ ತನಕ ಬೋಣಿ ಆಗಿರಲಿಲ್ಲ. ಕೊನೆಗೊಬ್ಬಳು ತಾಯಿ ಬಂದು ಮಕ್ಕಳಿಗೆ ಮೂರು ಜೊತೆ ಶಾಲೆಯ ಶೂ ಆರಿಸಿ, ಪರ್ಸಿನ ಜಿಪ್ ಎಳೆದಿದ್ದಳು. ಬೆಂಚಿನ ಮೇಲಿದ್ದ ಕಂಡಕ್ಟರು "ಒಂದು ನಿಮಿಷ ತಾಳಮ್ಮ" ಎಂದರು. ಪುಣ್ಯಾತ್ಮರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. "ಇದೇ ಶೂ, ಇದೇ ಕಂಪನಿ. ಮೂರು ಜೊತೆ ತಗೊಂಡ್ರೆ ಒಂದಕ್ಕೆ ದುಡ್ಡೇ ಇಲ್ಲ, ನೋಡು." ಆಕೆ ನೋಡಿದಳು, ನಂಬರಪ್ಪನ ಮುಖವನ್ನೂ ಒಮ್ಮೆ ನೋಡಿದಳು, ಜಿಪ್ ಎಳೆದುಕೊಂಡು ಹೊರಟುಹೋದಳು. ಮೂರು ಬಾಕ್ಸು ಕೌಂಟರಿನ ಮೇಲೆ ಬಾಯಿ ತೆರೆದುಕೊಂಡು ಕೂತವು.

"ನಂದೂ ಒಂದು ಅಳೆದ್ಬಿಡಿ ನಂಬರಪ್ಪೋರೆ," ಎಂದು ಕಂಡಕ್ಟರು ಬಲಗಾಲು ಚಾಚಿದರು. "ಡಾಕ್ಟ್ರು ದಿನಾ ನಡೀಬೇಕು ಅಂದಿದಾರೆ. ಮುಚ್ಚಿದ ಶೂ ಬೇಕಂತೆ. ಆನ್‌ಲೈನಲ್ಲಿ ಒಂದು ನೋಡಿಟ್ಟಿದೀನಿ."

ನಂಬರಪ್ಪ ಸ್ಟೂಲಿನ ಮೇಲೆ ಕೂತು ಕಾಲುಚೀಲ ಬಿಚ್ಚಿದ. ಮರದ ತುಂಡನ್ನು ಸರಿಸಿ ಹೆಬ್ಬೆರಳಿಗೆ ಒತ್ತಿದ. "ತಾಗ್ತಾ?"

"ತಾಗಿರ್ಬೇಕು ಬಿಡಿ, ನನಗೇನು ಗೊತ್ತಾಗುತ್ತೆ! ನಿಮ್ಮ ಕಣ್ಣಿಗೆ ಕಂಡ್ರೆ ಸಾಕು."

ತುಂಡು ಒಂಬತ್ತರ ಗೆರೆಯ ಮೇಲಿತ್ತು. ಕೌಂಟರಿನ ಮೇಲೆ ಮೂರು ಬಾಕ್ಸು ಇದ್ದವು.

"ಎಂಟು" ಎಂದ ನಂಬರಪ್ಪ.

ಎರಡು ದಿನದ ಮೇಲೆ ಕಂಡಕ್ಟರು ರಸ್ತೆಯಿಂದಲೇ ಕೂಗಿದರು. "ಎಪ್ಪತ್ತು ಪರ್ಸೆಂಟ್ ಕಡಿಮೆಗೆ ಹೊಡೆದೆ ಕಣ್ರೀ! ವಾಪಸ್ ಮಾತ್ರ ತಗೊಳಲ್ವಂತೆ, ಅದಕ್ಕೇ ಅಷ್ಟು ಅಗ್ಗ. ನನಗ್ಯಾಕೆ ವಾಪಸ್ಸು? ಅಳತೆ ನಿಮ್ಮದಲ್ವಾ!"

ವಾಪಸ್ಸಿನ ಬಾಗಿಲು ತೆರೆದಿರುತ್ತದೆ ಎಂಬ ಧೈರ್ಯದ ಮೇಲೆ ತಾನೇ ನಂಬರಪ್ಪನ ಸುಳ್ಳು ನಿಂತಿದ್ದದ್ದು? ಆಗಲೇ ಇಳಿದು ಹೋಗಿ ಹೇಳಬಹುದಿತ್ತು. "ಒಳ್ಳೇದಾಯ್ತು ಬಿಡಿ" ಎಂದ.

ಆಮೇಲೆ ದಿನಾ ಬೆಳಗ್ಗೆ ಅಂಗಡಿಯ ಮುಂದೆ ಆ ಹೊಸ ಶೂ ನಡೆದು ಹೋಗುವುದನ್ನು ಅವನು ನೋಡಿದ. ಬಲಗಾಲಿನ ಕಿರುಬೆರಳ ಪಕ್ಕ ಬಟ್ಟೆ ಉಬ್ಬಿಕೊಂಡಿತ್ತು. ಕಾಲು ನೋಡಿ ಬದುಕಿದವನಿಗೆ ಅದು ಕಾಣದೆ ಇರುತ್ತದೆಯೇ? ಮೂರನೆಯ ದಿನ ತಡೆಯಲಾರದೆ ಕೇಳಿದ. "ಹೊಸ ಶೂ ಕಚ್ಚುತ್ತಾ, ಕಂಡಕ್ಟ್ರೇ?"

"ಒಂದು ದಿನವೂ ಕಚ್ಚಿಲ್ಲ! ಹೂವು ಇದ್ದಂಗಿದೆ."

ಆ ಮಾತನ್ನು ಅವನು ಹಿಡಿದುಕೊಂಡ. ಅವರೇ ಕಚ್ಚಿಲ್ಲ ಅಂದ ಮೇಲೆ ನನ್ನದೇನು ಎಂದುಕೊಂಡ. ಆದರೂ ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲ ಕಕ್ಕಿದ.

ಆಕೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. "ಅನ್ನ ಹಾಕೋ ಹಲಗೆ ಮುಂದೆ ಕೂತು ಇಂಥ ಕೆಲ್ಸ ಮಾಡಿದ್ರಾ? ಈಗ್ಲೇ ಒಂದು ಜೊತೆ ತಗೊಂಡು ಹೋಗಿ ಕೊಟ್ಟು ಬನ್ನಿ. ಬೈದ್ರೆ ಬೈಸ್ಕೊಳ್ಳಿ."

ಅಂಗಡಿಯಲ್ಲಿದ್ದ ಮೆತ್ತನೆಯ ಶೂಗಳಲ್ಲೇ ಒಳ್ಳೆಯದೊಂದು ಒಂಬತ್ತನ್ನು ಆರಿಸಿ, ಬಾಕ್ಸು ಕಂಕುಳಲ್ಲಿ ಇಟ್ಟುಕೊಂಡು ನಂಬರಪ್ಪ ಹೋದ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಂಡುತ್ತ ಹೇಳಿದಳು. "ನಿನ್ನೆ ಆಸ್ಪತ್ರೆಗೆ ಸೇರ್ಸಿದ್ರು. ಕಾಲಲ್ಲಿ ಬೊಬ್ಬೆ ಒಡೆದು ಕೊಳೆತಿತ್ತಂತೆ. ಶೂ ಬಿಚ್ಚಿದಾಗ ವಾಸನೆ ಬಂದ್ಮೇಲೇ ಗೊತ್ತಾಗಿದ್ದು. ಪಾಪ, ಅವರಿಗೆ ನೋವೇ ಆಗಲ್ವಲ್ಲ."

ಬಾಕ್ಸು ತಿರುಗಿ ಅಂಗಡಿಗೆ ಬಂತು. ಮೊದಲು ಎರಡು ಬೆರಳು ತೆಗೆದರು ಎಂಬ ಸುದ್ದಿ ಬಂತು. ಆಮೇಲೆ ಅರ್ಧ ಪಾದ ಎಂದರು. ಆಸ್ಪತ್ರೆಗೆ ಹೋಗಲು ನಂಬರಪ್ಪ ಮೂರು ಸಲ ಅಂಗಡಿಯ ಬಾಗಿಲು ಎಳೆದ, ಮೂರು ಸಲವೂ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದ. ಹೇಡಿ ಎನ್ನಿ, ಅವನೇ ತನ್ನನ್ನು ಅದಕ್ಕಿಂತ ಕೆಟ್ಟದಾಗಿ ಬೈದುಕೊಂಡಿದ್ದಾನೆ.

ಎರಡು ತಿಂಗಳ ಮೇಲೆ ಅವರೇ ಬಂದರು. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕಡೆ ಹೆಂಡತಿ. ಆಕೆಯನ್ನು ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುವುದು. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಪ್ಯಾಂಟಿನ ಆ ಕಾಲನ್ನು ಮಡಿಸಿ ಪಿನ್ನು ಹಾಕಿದ್ದರು.

ಕಂಡಕ್ಟರು ಬೆಂಚಿನ ಮೇಲೆ ಉಸ್ಸೆಂದು ಕೂತರು. "ಎಡಗಾಲಿಗೊಂದು ಶೂ ಬೇಕು ನಂಬರಪ್ಪೋರೆ. ಎಲ್ಲಾ ಸೈಟಲ್ಲೂ ಹುಡುಕಿದೆ, ಒಂದೇ ಕಾಲಿನ ಶೂ ಅರ್ಧ ರೇಟಿಗೆ ಕೊಡೋರು ಒಬ್ಬರೂ ಇಲ್ಲ ಕಣ್ರೀ!" ಎಂದು ತಾವೇ ನಕ್ಕರು. ಮತ್ಯಾರೂ ನಗಲಿಲ್ಲ.

"ಆ ಕಂಪನಿಯವರನ್ನ ನಾನು ಸುಮ್ನೆ ಬಿಟ್ಟಿಲ್ಲ," ಎಂದು ಫೋನು ತೆಗೆದು, ಕನ್ನಡಕ ಏರಿಸಿ, ಬರೆದಿದ್ದ ರಿವ್ಯೂವನ್ನು ಗಟ್ಟಿಯಾಗಿ ಓದಿದರು. "ಇವರನ್ನು ಯಾರೂ ನಂಬಬೇಡಿ. ನಮ್ಮೂರಿನ ಅಳತೆಯವರು ಮೂವತ್ತು ವರ್ಷದಿಂದ ಕಾಲು ಅಳೆದವರು. ಅವರು ಎಂಟು ಎಂದರೆ ಎಂಟೇ. ಇವರು ಎಂಟು ಎಂದು ಬರೆದು ಏಳು ಕಳಿಸಿದ್ದಾರೆ. ನನ್ನ ಕಾಲು ಹೋಯಿತು." ಓದಿ ತಲೆಯೆತ್ತಿದರು. "ನಾನೂರು ಜನ ಸರಿ ಅಂತ ಒತ್ತಿದಾರೆ!"

ನಂಬರಪ್ಪ ಸ್ಟೂಲಿನ ಮೇಲೆ ಕೂತು ಎಡಗಾಲಿನ ಚೀಲ ಬಿಚ್ಚಿದ. ಅವರ ಕಾಲನ್ನು ಹಲಗೆಯ ಮೇಲಿರಿಸಿ ತುಂಡು ಸರಿಸಿದ. "ಒಂಬತ್ತು" ಎಂದ.

"ಅವತ್ತು ಎಂಟು ಅಂದಿದ್ರಲ್ಲ?" ಎಂದಳು ಕಂಡಕ್ಟರಮ್ಮ.

"ಊದಿರುತ್ತೆ ಕಣೇ," ಎಂದರು ಕಂಡಕ್ಟರು. "ಎರಡು ತಿಂಗಳಿಂದ ಇಡೀ ಭಾರ ಒಂದೇ ಕಾಲ ಮೇಲಲ್ವಾ? ಅವರ ಅಳತೆ ತಪ್ಪಲ್ಲ."

ಹೀಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಅವರೇ ಕೈಗೆ ಕೊಟ್ಟರು. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ನಂಬರಪ್ಪ ಆ ಪಾದವನ್ನು ಹಿಡಿದುಕೊಂಡೇ ಹೇಳಿದ. "ಊದಿಲ್ಲ. ಅವತ್ತೂ ಒಂಬತ್ತೇ ಇತ್ತು. ನಾನು ಬೇಕು ಅಂತಲೇ ಎಂಟು ಅಂದೆ. ಆ ತಾಯಿ ಶೂ ಬಿಟ್ಟು ಹೋದ್ಲಲ್ಲ, ಆ ಸಿಟ್ಟಿಗೆ. ಬಿಗಿ ಆದ್ರೆ ವಾಪಸ್ ಕಳಿಸ್ತೀರಿ ಅಂದ್ಕೊಂಡೆ."

ಕಂಡಕ್ಟರು ಅವನ ಮುಖ ನೋಡಿದರು. ಬೈಗುಳ ಬಂದಿದ್ದರೆ ನಂಬರಪ್ಪನಿಗೆ ಉಸಿರಾಡಲು ಆಗುತ್ತಿತ್ತು. ಬರಲಿಲ್ಲ.

ಕಂಡಕ್ಟರಮ್ಮ ನೆಲದ ಮೇಲೆ ಕೂತಳು. "ಆ ಹಲಗೆ ಇಲ್ಲಿ ಕೊಡಿ." ಗಂಡನ ಹಿಮ್ಮಡಿಯನ್ನು ಅಡ್ಡಪಟ್ಟಿಗೆ ತಾಗಿಸಿ, ತುಂಡನ್ನು ತಾನೇ ಸರಿಸಿ, ಬಗ್ಗಿ ಅಂಕಿ ಓದಿದಳು. ಒಂದು ಸಲ ಸಾಲದೆ ಇನ್ನೊಂದು ಸಲ ಅಳೆದಳು. ಎರಡು ಸಲವೂ ಒಂಬತ್ತೇ.

ಕಾಲುಚೀಲಕ್ಕೆ ನಂಬರಪ್ಪನ ಕೈ ತಾನಾಗಿಯೇ ಹೋಯಿತು. ಕಂಡಕ್ಟರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಚೀಲ ಹಾಕಿದ್ದು ಹೆಂಡತಿ. ಕಪಾಟಿನಲ್ಲಿ ಎರಡು ತಿಂಗಳಿಂದ ಕಾದಿದ್ದ ಬಾಕ್ಸನ್ನು ನಂಬರಪ್ಪ ತಂದು ಬೆಂಚಿನ ಮೇಲಿಟ್ಟ. ಅದರ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ಕಂಡಕ್ಟರು ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದರು. "ಈ ರಿವ್ಯೂ ತೆಗೀಬೇಕು," ಎಂದರು. "ಅವರದ್ದೇನೂ ತಪ್ಪಿಲ್ವಲ್ಲ. ಎಂಟು ಕೇಳಿದ್ದೆ, ಎಂಟೇ ಕಳ್ಸಿದಾರೆ."

"ತೆಗೆದು ಇವರ ಹೆಸರು ಹಾಕಿ!" ಎಂದಳು ಕಂಡಕ್ಟರಮ್ಮ. "ನಾನೂರು ಜನಕ್ಕೂ ಗೊತ್ತಾಗ್ಲಿ."

"ಎಲ್ಲಿ ಹಾಕ್ಲೇ? ಇವರ ಅಂಗಡಿ ಇದ್ರೊಳಗೆ ಎಲ್ಲೂ ಇಲ್ಲ." ಅಳಿಸಬೇಕೆ ಎಂದು ಫೋನು ಇನ್ನೊಮ್ಮೆ ಕೇಳಿತೆಂದು ಕಾಣುತ್ತದೆ, ಕಂಡಕ್ಟರು ಹೆಬ್ಬೆರಳು ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡರು.

ಅಂಗಡಿಗೆ ಎರಡು ಮೆಟ್ಟಿಲು. ಇಳಿಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಂಬರಪ್ಪ ಕೈ ಕೊಡಲು ಎದ್ದವನು, ಅವರು ಹಿಂದಕ್ಕೆ ಎಳೆದುಕೊಂಡ ಕಾಲು ನೆನಪಾಗಿ ಅಲ್ಲೇ ನಿಂತ.

ಅಂಗಡಿ ಈಗಲೂ ಇದೆ. ಅಳತೆಗೆಂದೇ ಬರುವವರು ಈಗಲೂ ಬರುತ್ತಾರೆ, ಬೆಂಚಿನ ಮೇಲೆ ಕೂತು ಕಾಲು ಚಾಚುತ್ತಾರೆ. ನಂಬರಪ್ಪ ಅವರ ಕಾಲನ್ನು ನೋಡುವುದಿಲ್ಲ. ಹಲಗೆಯನ್ನು ಅವರ ಕಡೆ ಸರಿಸಿ, "ನೀವೇ ನೋಡ್ಕೊಳ್ಳಿ" ಎನ್ನುತ್ತಾನೆ.