ದನದ ಡಾಕ್ಟರು ನೋಡಿದ ಸಿನಿಮಾ

ಆವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದನದ ಡಾಕ್ಟರು ಮೊಪೆಡ್ಡಿನ ಹಿಂದೆ ಹೋರಿಯ ವೀರ್ಯ ತಣ್ಣಗಿಡುವ, ಹೊಗೆಯಾಡುವ ಕ್ಯಾನು ಕಟ್ಟಿಕೊಂಡು, ಹಸುಗಳಿಗೆ ಗರ್ಭದ ಇಂಜೆಕ್ಷನ್ ಹಾಕಲು ಊರೂರು ಸುತ್ತುತ್ತಿದ್ದರು. ಹುಟ್ಟಿದ ಕರುವಿನ ಬಾಯಿ, ಗೊರಸು ತಡವಿ, "ತಳಿ ಸುಳ್ಳು ಹೇಳಲ್ಲ ಗುರು" ಎನ್ನುತ್ತಿದ್ದರು.

ಅಮ್ಮನ ಕೈಮೇಲೆ ತೊನ್ನಿತ್ತು. ಅಕ್ಕನಿಗೆ ಬಂದ ಎರಡು ಸಂಬಂಧ ಅದೇ ಕಾರಣಕ್ಕೆ ಮುರಿದಿದ್ದವು. ಮೂರನೆಯವರು ನಮ್ಮಲ್ಲಿ ಕಾಫಿ ಕುಡಿದು ನೇರ ಡಾಕ್ಟರ ಮನೆಗೆ ಹೋದರು. "ತೊನ್ನು ಮಕ್ಕಳಿಗೂ ಬರುತ್ತಾ ಡಾಕ್ಟ್ರೇ?" ಎಂದು ಕೇಳಿದ್ದು ಗೋಡೆಯಾಚೆ ನಮಗೆ ಕೇಳಿಸಿತು.

ಡಾಕ್ಟರು ರೇಗಿದರು. "ತಳಿ ನೋಡೋಕೆ ಅವಳೇನು ಹಸೂನಾ? ಇಂಥ ಹುಡುಗಿ ಸಿಗಲ್ಲ, ಒಪ್ಕೊಂಡು ಹೋಗಿ."

ಮದುವೆಯಾಯಿತು.

ಹಸುವಿನ ಆ ಮಾತನ್ನು ಡಾಕ್ಟರಿಗೆ ಕಲಿಸಿದ್ದು ಒಂದು ಇಂಗ್ಲಿಷ್ ಸಿನಿಮಾ ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದೆ. ಭಾನುವಾರ ಮಧ್ಯಾಹ್ನ ಬಾಡಿಗೆ ವಿಸಿಆರ್ ತಂದು ಅವರ ಮನೆಯಲ್ಲೇ ನೋಡಿದ್ದೆವು. ಮಗುವಿನ ರಕ್ತ ನೋಡಿಯೇ ಅದರ ಓದು, ಕೆಲಸ, ಮದುವೆ ತೀರ್ಮಾನಿಸುವ ಮುಂದಿನ ಕಾಲದ ಕಥೆ. ಆದರೆ ಅಕ್ಕ ಒಪ್ಪುವುದಿಲ್ಲ. "ಸಿನಿಮಾ ನೋಡಿದ್ದು ಆಮೇಲೆ ಕಣೋ. ಆಗ್ಲೇ ನನ್ನ ಮಗು ತೊಡೆ ಮೇಲಿತ್ತು" ಎನ್ನುತ್ತಾಳೆ.

ಅವಳದೇ ನಿಜವಿರಬೇಕು. ಟಿವಿ ಓಡುತ್ತಿದ್ದರೂ ಅತ್ತ ನೋಡದೆ, ಡಾಕ್ಟರು ಮಗುವಿನ ಮುಷ್ಟಿ ಬಿಡಿಸಿ, ಅಂಗೈ, ಮುಂಗೈ, ಮೊಣಕೈ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದುದು ನನಗೂ ನೆನಪಿದೆ.

ಅಕ್ಕ ನೋಡಿಬಿಟ್ಟಳು. "ಏನ್ ಡಾಕ್ಟ್ರೇ?"

"ಏನಿಲ್ಲ ಕಣವ್ವಾ. ಉಗುರು ಬೆಳ್ದೈತೆ, ಕತ್ತರ್ಸು."