ಒಲೆ ರಿಪೇರಿ ರಹಿಮಾನಸಾಬನ ನಲವತ್ತೊಂದು ದಾರಿಗಳು

ರಾಣೆಬೆನ್ನೂರಿನಿಂದ ಯಾವ ಹಳ್ಳಿಗೆ ಹೊರಟರೂ ಡಾಂಬರು ರಸ್ತೆಯಲ್ಲಿ ಹೋಗುವುದು ತನ್ನ ಘನತೆಗೆ ಕಡಿಮೆ ಎಂದು ರಹಿಮಾನಸಾಬ ತಿಳಿದಿದ್ದ. ಗ್ಯಾಸ್ ಒಲೆ, ಕುಕ್ಕರ್, ಮಿಕ್ಸರ್ ರಿಪೇರಿ ಮಾಡುತ್ತ ಇಪ್ಪತ್ತಾರು ವರ್ಷ ಹಳ್ಳಿ ತಿರುಗಿದವನು ಅವನು. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ಮೊಪೆಡ್ಡಿನ ಹಿಂದೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕಕ್ಕೆ ಬಳೆಯ ಸರದ ಹಾಗೆ ತೂಗುವ ಕುಕ್ಕರಿನ ರಬ್ಬರ್ ರಿಂಗುಗಳು, ಹ್ಯಾಂಡಲಿಗೆ ಕಟ್ಟಿದ ಸಣ್ಣ ಸ್ಪೀಕರು. ಇಷ್ಟು ಸರಂಜಾಮು ಹೊತ್ತುಕೊಂಡು ಅವನು ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಬಂಡಿ ಜಾಡಿನಲ್ಲಿ ನುಸುಳಿಕೊಂಡು ಹೋಗುವುದನ್ನು ನೋಡಿದವರಿಗೆ ಪಾತ್ರೆ ಅಂಗಡಿಯೊಂದು ಊರು ಬಿಟ್ಟು ಓಡುತ್ತಿದೆ ಎನ್ನಿಸುತ್ತಿತ್ತು.

"ಐರಣಿಗೆ ಬಸ್ ಮುಟ್ಟೂದರಾಗ ನಾ ಮುಟ್ಟಿರ್ತೇನಿ" ಎನ್ನುವುದು ಅವನ ದೊಡ್ಡ ಹೆಮ್ಮೆ.

"ಬಸ್ ಒಂಬತ್ತಕ್ಕ ಬಿಡತೈತಿ, ಇವರು ಏಳಕ್ಕ ಹೊಂಡತಾರ" ಎಂದು ಹೆಂಡತಿ ಕುಲ್ಸುಮಬಿ ಲೆಕ್ಕ ಸರಿಮಾಡುತ್ತಿದ್ದಳು. ಮನೆಯಲ್ಲಿ ಉರ್ದು ಆಡುವ ಕುಲ್ಸುಮಬಿ ಗಂಡನನ್ನು ಆಡಿಕೊಳ್ಳುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು. ಪಕ್ಕದ ಮನೆಯ ಸಿದ್ದವ್ವನಿಗೂ ತಿಳಿಯಲಿ ಎಂದು.

ಮಗಳು ಆಯಿಶಾ ದಿನಾ ರೈಲಿನಲ್ಲಿ ಹಾವೇರಿಗೆ ಹೋಗಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಅಪ್ಪ ಎಲ್ಲಿದ್ದಾನೆಂದು ಗೊತ್ತಾಗಲಿ ಎಂದು ಅವಳು ಅವನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಹೋದ ದಾರಿಯುದ್ದಕ್ಕೂ ಅದು ನೀಲಿ ಗೆರೆ ಎಳೆಯುತ್ತಿತ್ತು. ಮೊದಲ ದಿನ ಆ ಗೆರೆಯನ್ನು ಕಂಡ ರಹಿಮಾನಸಾಬ ಊಟ ಬಿಟ್ಟು ನೋಡುತ್ತ ಕುಳಿತ. ಕೈಯಿಂದ ತಿದ್ದಿ ಬರೆದ ಹಾಗೆ, ಹಳ್ಳದ ಬಳಿ ಸೊಂಟ ತಿರುಗಿಸಿ, ಬೇವಿನ ಮರದ ಹತ್ತಿರ ಸ್ವಲ್ಪ ತಡೆದು, ಗೆರೆ ಐರಣಿಯವರೆಗೂ ಹೋಗಿತ್ತು. ಬೇವಿನ ಮರದ ಹತ್ತಿರ ತಡೆದದ್ದು ಅವನ ನಿದ್ದೆ.

ಎರಡು ವರ್ಷದಲ್ಲಿ ಇಂಥ ನಲವತ್ತೊಂದು ಗೆರೆಗಳು ಕೂಡಿಬಿದ್ದವು. ಒಂದೊಂದಕ್ಕೂ ಅವನು ಹೆಸರಿಟ್ಟ: 'ನಾಯಿ ಇರುವ ದಾರಿ', 'ನಾಯಿ ಇಲ್ಲದ ದಾರಿ', 'ಕುಕ್ಕರ್ ಬಿದ್ದ ಇಳುಕಲು'. ಬ್ಯಾಡಗಿಯಲ್ಲಿ ಹೆಂಡತಿಯ ಅಣ್ಣಂದಿರ ಮನೆ ಇದ್ದುದರಿಂದ 'ಬೀಗರ ಕಣ್ಣು ತಪ್ಪಿಸುವ ದಾರಿ' ಎಂಬುದೂ ಒಂದಿತ್ತು. ಅದನ್ನು ಕುಲ್ಸುಮಬಿಗೆ ತೋರಿಸಿರಲಿಲ್ಲ.

ಕಳೆದ ವರ್ಷ ಮುಂಗಾರಿನಲ್ಲಿ ಒಂದು ಭಾನುವಾರ, ದೇವರಗುಡ್ಡದ ಕಡೆಯ ಎರೆ ಹೊಲಗಳ ನಡುವೆ ಆರು ದೊಡ್ಡ ಮೋಟರ್ ಸೈಕಲ್ಲುಗಳು ಕೆಸರಿನಲ್ಲಿ ಹೂತು ನಿಂತಿರುವುದು ಅವನ ಕಣ್ಣಿಗೆ ಬಿತ್ತು. ಎದೆಗೆ, ಮೊಣಕಾಲಿಗೆ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡ ಆರು ಮಂದಿ ಸುತ್ತ ನಿಂತಿದ್ದರು. ನಾಟಕ ಕಂಪನಿಯ ಸೈನಿಕರು ದಾರಿ ತಪ್ಪಿ ಬಂದಿರಬೇಕೆಂದು ಅವನಿಗೆ ಮೊದಲು ಅನ್ನಿಸಿತು. ಚಕ್ರಕ್ಕೂ ಮಡಗಾರ್ಡಿಗೂ ನಡುವೆ ಎರೆಮಣ್ಣು ಸಿಮೆಂಟಿನಂತೆ ಕಚ್ಚಿತ್ತು. ರಹಿಮಾನಸಾಬ ಪೆಟ್ಟಿಗೆಯಿಂದ ದೋಸೆ ಮಗುಚುವ ಹಳೆಯ ಕೈ ತೆಗೆದು ಒಂದೊಂದೇ ಗಾಡಿಯ ಮಣ್ಣು ಹೆರೆದ. ಹುಲ್ಲಿರುವ ಕಡೆಯೇ ಗಾಲಿ ಇಡಬೇಕೆಂದು ಹೇಳಿ, ತನ್ನ ಮೊಪೆಡ್ಡನ್ನು ಮುಂದೆ ಬಿಟ್ಟುಕೊಂಡು, ಆರನ್ನೂ ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದ.

ಅವರ ಮುಖಂಡ ಯುವರಾಜ. ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಭಾನುವಾರ ಬಂತೆಂದರೆ ಟೈಲ್ಸ್ ಹಾಕದ ನೆಲ ಹುಡುಕಿಕೊಂಡು ಹೊರಡುವವನು. "ಚಾಚಾ, ಈ ದಾರಿ ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದ.

"ಇದೊಂದ ಏನು, ನಲವತ್ತೊಂದು ಅದಾವು" ಎಂದು ರಹಿಮಾನಸಾಬ ಮೊಬೈಲು ತೆಗೆದ.

ಆರು ಹೆಲ್ಮೆಟ್ಟುಗಳು ಆ ಸಣ್ಣ ಪರದೆಯ ಮೇಲೆ ಬಾಗಿದವು. ಇಪ್ಪತ್ತಾರು ವರ್ಷದಲ್ಲಿ ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಇವತ್ತೇ ಆಗುತ್ತದೋ, ನಾಳೆಗೋ. ಹೀಗೆ ಬೆರಗಿನಿಂದ ಅವನ ಮಾತು ಕೇಳಿದವರು ಯಾರೂ ಇರಲಿಲ್ಲ.

"ಇಷ್ಟೆಲ್ಲಾ ನಿಮ್ಮ ಕಿಸೆದಾಗ ಇಟಗೊಂಡು ಏನ ಮಾಡ್ತೀರಿ? ನೆಟ್ಟಿಗೆ ಹಾಕ್ರಿ. ನಮ್ಮಂಥವರು ನಿಮ್ಮ ಹೆಸರ ಹೇಳಿ ಅಡ್ಡಾಡತೇವಿ" ಎಂದ ಯುವರಾಜ.

ಆ ಮಾತು ರಹಿಮಾನಸಾಬನ ತಲೆಯಲ್ಲಿ ಎರಡು ವಾರ ಸುತ್ತಿತು. ಬೆಳಿಗ್ಗೆ ಹಾಕಬೇಕೆನ್ನಿಸುತ್ತಿತ್ತು, ಸಂಜೆ ಬೇಡವೆನ್ನಿಸುತ್ತಿತ್ತು. ದಾರಿ ಎಲ್ಲರಿಗೂ ಗೊತ್ತಾದರೆ ತನ್ನದೇನು ಉಳಿಯಿತು? ಗೊತ್ತಾಗದಿದ್ದರೆ ತಾನು ಹುಡುಕಿದ್ದು ಯಾರಿಗೆ ತಿಳಿಯಿತು?

"ಒಮ್ಮೆ ಹಾಕಿದ್ರ ಎಲ್ಲಾರೂ ನೋಡ್ತಾರ ಅಬ್ಬಾ" ಎಂದು ಆಯಿಶಾ ಎಚ್ಚರಿಸಿದಳು.

"ನೋಡ್ಲಿ ಅಂತನ ಹಾಕೂದು, ಬೇಟಾ."

ಶುಕ್ರವಾರ ನಮಾಜು ಮುಗಿಸಿ ಬಂದು, ತಲೆಯ ಟೊಪ್ಪಿಗೆಯನ್ನೂ ತೆಗೆಯದೆ, ಮಗಳಿಂದ ನಲವತ್ತೊಂದನ್ನೂ ಹಾಕಿಸಿದ. ವಾರದೊಳಗೆ ಮುನ್ನೂರು ಜನ ಮೆಚ್ಚಿದರು. ಬೆಳಗಾವಿಯಿಂದ ಒಬ್ಬ, ದಾವಣಗೆರೆಯಿಂದ ಒಬ್ಬ, ಎಲ್ಲಿಯೋ ಇರುವ ಪುಣೆಯಿಂದ ಒಬ್ಬಾಕೆ 'ಗುರುಗಳೇ' ಎಂದು ಬರೆದರು. ರಹಿಮಾನಸಾಬ ಮಿಕ್ಸರಿನ ಬ್ಲೇಡು ಬಿಚ್ಚುವಾಗಲೂ ನಡುನಡುವೆ ಸೀಟಿ ಹೊಡೆಯುವ ಮೊಬೈಲು ನೋಡತೊಡಗಿದ.

"ಮನ್ಯಾಗ ಕುಕ್ಕರಿಗಿಂತ ಇವರದ ಸೀಟಿ ಜಾಸ್ತಿ ಆಗೇತಿ" ಎಂದು ಕುಲ್ಸುಮಬಿ ಗೋಡೆಯ ಆಚೆಗೆ ಕೇಳುವಂತೆ ಹೇಳಿದಳು. ಗೋಡೆಯ ಆಚೆ ಸಿದ್ದವ್ವ ನಕ್ಕಳು.

ದಸರಾ ಕಳೆದ ಮೇಲೆ ಒಂದು ಸೋಮವಾರ ಅವನು ಎಂದಿನಂತೆ ಮೈಲವ್ವನ ಹೊಲದ ಬದುವಿಗೆ ಮೊಪೆಡ್ಡು ಏರಿಸಿದ. ಮೈಲವ್ವನಿಗೆ ಅರವತ್ತು ದಾಟಿತ್ತು. ಮೂರೆಕರೆಯಲ್ಲಿ ಒಂದೆಕರೆ ಬೀಜದ ಬದನೆ ಹಾಕಿದ್ದಳು. ಹೂವಿಗೆ ಹೂವು ಕೈಯಿಂದಲೇ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವ ಸೂಕ್ಷ್ಮದ ಕೆಲಸ ಅದು. ಹೊಲದ ತುದಿಯ ಶೆಡ್ಡಿನಲ್ಲಿ ಅವಳ ಒಲೆ ಇತ್ತು. ಆ ಒಲೆ ಕೆಡುವುದು ವರ್ಷಕ್ಕೊಮ್ಮೆ, ಅಲ್ಲಿ ರಹಿಮಾನಸಾಬ ಚಹಾ ಕುಡಿಯುವುದು ವಾರಕ್ಕೊಮ್ಮೆ. ಆ ಗೆರೆಗೆ ಅವನಿಟ್ಟ ಹೆಸರು 'ಮೈಲವ್ವನ ಚಹಾದ ದಾರಿ'.

ಅವತ್ತೂ ಮೈಲವ್ವ ಚಹಾ ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಕಾದಳು. ಆಮೇಲೆ, "ಬರ್ರಿ ಸಾಬರ" ಎಂದು ಕರೆದುಕೊಂಡು ಹೋಗಿ ಬದನೆ ಪ್ಲಾಟಿನ ಅಂಚಿಗೆ ನಿಲ್ಲಿಸಿದಳು. ಡ್ರಿಪ್ ಪೈಪು ಹದಿನಾಲ್ಕು ಕಡೆ ಜಜ್ಜಿ ಹರಿದಿತ್ತು. ಎರಡು ಸಾಲು ಗಿಡ ನೆಲಕ್ಕೆ ಮಲಗಿದ್ದವು. ಅಗಲವಾದ ಟೈರಿನ ಹಲ್ಲುಗಳು ಮಣ್ಣಿನಲ್ಲಿ ಚೊಕ್ಕವಾಗಿ ಮೂಡಿದ್ದವು.

"ನಿನ್ನಿ ಇಪ್ಪತ್ತೆರಡು ಗಾಡಿ ಬಂದಿದ್ದುವು. ಬದುವಿನ ಮ್ಯಾಲ ಎದರಾ ಬದರ ಆಗಿ ಕೆಲವು ಕೆಳಗ ಇಳದುವು. ಯಾಕಪಾ ಹಿಂಗ ಅಂತ ಕೇಳಿದೆ. ಇದು ದಾರಿ ಅಜ್ಜಿ, ಫೋನಿನಾಗ ಐತಿ ಅಂದ ಒಬ್ಬಾಂವ. ದಾರಿ ಹೆಸರೂ ಓದಿ ಹೇಳಿದ."

ರಹಿಮಾನಸಾಬನ ಬಾಯಲ್ಲಿ ಚಹಾದ ರುಚಿ ಇನ್ನೂ ಇತ್ತು.

"ಈ ಬದುವಿನ ಮ್ಯಾಲ ನೀವು ಅಡ್ಡಾಡಾಕತ್ತು ಎಷ್ಟ ವರ್ಷ ಆತ್ರಿ?"

"ಹದಿನೈದ ಆಗಿರಬೇಕು, ಮೈಲವ್ವಕ್ಕ."

"ಅಡ್ಡಾಡ್ರಿ ಅಂತ ಯಾರ ಹೇಳಿದ್ರು?"

"ನೀವ."

"ಯಾರಿಗೆ ಹೇಳಿದ್ದೆ?"

"ನನಗ."

"ಅಷ್ಟ" ಎಂದು ಮೈಲವ್ವ ಬದನೆ ಹೂವಿನ ಕಡೆಗೆ ತಿರುಗಿದಳು.

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ಮೊಪೆಡ್ಡಿನಿಂದ ಪೆಟ್ಟಿಗೆ ಇಳಿಸಿದ, ಊರಿನಿಂದ ಪೈಪಿನ ಜಾಯಿಂಟುಗಳನ್ನು ತಂದ, ಮಧ್ಯಾಹ್ನ ಕಳೆಯುವ ತನಕ ಕುಕ್ಕರುಗಾಲಿನಲ್ಲಿ ಕುಳಿತು ಹದಿನಾಲ್ಕು ಕಡೆಯೂ ಜೋಡಿಸಿದ. ಕೈ ಕೆಲಸದಲ್ಲಿದ್ದಾಗ ಮನಸ್ಸು ಉಳಿದ ಗೆರೆಗಳ ಮೇಲೆ ಓಡಾಡಿತು. ದಾರಿಗಳನ್ನು ತಾನು ಕಂಡುಹಿಡಿದೆ ಎಂದುಕೊಂಡಿದ್ದ. ನೋಡಿದರೆ ಹೆಚ್ಚಿನವುಗಳಲ್ಲಿ ಯಾರೋ ಒಬ್ಬರು ಮುಳ್ಳಿನ ಬೇಲಿ ಸರಿಸಿ, "ಹೋಗ್ರಿ ಸಾಬರ" ಎಂದವರು ಇದ್ದರು. ಇಲ್ಲದಿದ್ದರೆ ಆ ನೀಲಿ ಗೆರೆ ಬೇಲಿಯ ಬುಡದಲ್ಲೇ ನಿಲ್ಲುತ್ತಿತ್ತು.

ಮನೆಗೆ ಬಂದವನೇ ನಲವತ್ತೊಂದನ್ನೂ ಅಳಿಸು ಎಂದು ಮಗಳಿಗೆ ಹೇಳಿದ.

ಆಯಿಶಾ ಅಳಿಸಿದಳು. ಆದರೆ ವಕೀಲರ ಆಫೀಸಿನಲ್ಲಿ ಕುಳಿತು ಕುಳಿತು ಅವಳಿಗೂ ಸ್ವಲ್ಪ ಕಾಯಿದೆ ಅಂಟಿತ್ತು. "ಎಲ್ಲಾನೂ ಯಾಕ ಅಬ್ಬಾ? ಸರ್ಕಾರಿ ಬಂಡಿದಾರಿನೂ ಇರ್ತಾವು. ಊರ ನಕಾಶೆ ತೆಗಸಿ ನೋಡೂಣು. ಉಳದದ್ದು ಯಾರ ಹೊಲದಾಗ ಐತೋ ಅವರನ್ನ ಕೇಳ್ರಿ. ಹೂಂ ಅಂದ್ರ ಹಾಕೂಣು, ಇಲ್ಲಂದ್ರ ಬಿಡೂಣು."

ನಕಾಶೆಯಲ್ಲಿ ಹನ್ನೊಂದು ಸಿಕ್ಕವು. ಉಳಿದ ಮೂವತ್ತಕ್ಕೆ ರಹಿಮಾನಸಾಬ ಮನೆ ಮನೆ ತಿರುಗಿದ. ಒಂದೂವರೆ ತಿಂಗಳು ಹಿಡಿಯಿತು. ಮೊದಲ ಸಲ ಅವನು ಒಲೆ ಕೆಟ್ಟಿದೆಯೇ ಎಂದು ಕೇಳದೆ ಜನರ ಮನೆಯ ಮುಂದೆ ನಿಂತದ್ದು. ಐರಣಿಯ ಕನಕಪ್ಪ, ಹೊಳೆದಂಡೆಯಲ್ಲಿ ಕುರಿ ಮಂದೆ ನಿಲ್ಲಿಸುವವನು, "ಕುರಿ ಈಯೂ ಹೊತ್ತಿನಾಗ ಬ್ಯಾಡ, ಉಳದ ದಿವಸ ಬರ್ಲಿ, ಹಾರ್ನ್ ಹೊಡಿಬಾರದು" ಎಂದ. ಜೋಳ ಬಿತ್ತಿದ್ದ ಶೇಖವ್ವ ಸುಗ್ಗಿ ಮುಗಿಯಲಿ ಎಂದಳು. ಹನ್ನೆರಡು ಮಂದಿ ಬೇಡವೇ ಬೇಡ ಎಂದರು. ಇಬ್ಬರು, ಇಷ್ಟು ದಿನ ತಮ್ಮ ಹೊಲದಲ್ಲಿ ಅವನು ಹಾಯುತ್ತಿದ್ದುದೇ ಗೊತ್ತಿರಲಿಲ್ಲ ಎಂದು ಈಗ ಅವನನ್ನೂ ತಡೆದರು. ಪ್ರಾಮಾಣಿಕತೆಗೆ ಇಂಥದೂ ಒಂದು ಖರ್ಚಿದೆ ಎಂಬುದು ಅವನಿಗೆ ಆಗ ತಿಳಿಯಿತು.

ತೊಂದರೆ ಕೊಟ್ಟವನು ದುರಗಪ್ಪ. ಅವನ ಹೊಲದಲ್ಲಿ ದಾರಿಯೇ ಇರಲಿಲ್ಲ. ಆದರೂ ಸುದ್ದಿ ಕೇಳಿ ತಾನಾಗಿ ರಾಣೆಬೆನ್ನೂರಿಗೆ ಬಂದು ಮನೆಯ ಕಟ್ಟೆಯ ಮೇಲೆ ಕುಳಿತ.

"ಅತ್ತಾಗಿನವರನ್ನ ಕೇಳೀರಿ, ಇತ್ತಾಗಿನವರನ್ನ ಕೇಳೀರಿ. ನಡುವ ನನ್ನದ ಯಾಕ ಬಿಟ್ಟೀರಿ?"

"ನಿಮ್ಮ ಹೊಲದಾಗ ಬಾವಿ ಐತಲ್ರಿ, ದುರಗಪ್ಪ."

"ಸುತ್ತ ಹಾಕ್ರಿ. ಬಾವಿ ನೋಡಿದಂಗೂ ಆಗ್ತೈತಿ."

ಅವನನ್ನು ಸಮಾಧಾನ ಮಾಡಲು ಕುಲ್ಸುಮಬಿ ಎರಡು ಸಲ ಚಹಾ ಮಾಡಬೇಕಾಯಿತು.

ಕೊನೆಗೆ ಇಪ್ಪತ್ತೇಳು ದಾರಿಗಳು ಮತ್ತೆ ನೆಟ್ಟಿಗೆ ಏರಿದವು. ಈ ಸಲ ಒಂದೊಂದರ ಕೆಳಗೂ ಅವನು ಹೇಳಿ ಬರೆಸಿದ ಸೂಚನೆಗಳಿದ್ದವು: ಮಳೆಯಾದ ನಾಲ್ಕು ದಿನ ಎರೆಮಣ್ಣಿಗೆ ಕಾಲಿಡಬಾರದು. ಒಂದು ಸಲಕ್ಕೆ ಆರೇ ಗಾಡಿ. ಬೇಲಿ ಸರಿಸಿದವರು ಮತ್ತೆ ಮುಚ್ಚಬೇಕು. ಶೇಖವ್ವ ಕಂಡರೆ ಗಾಡಿ ನಿಲ್ಲಿಸಿ ನಮಸ್ಕಾರ ಹೇಳಬೇಕು. ಹೇಳದಿದ್ದರೆ ಆಕೆ ಹಿಂದಿನಿಂದ ಕೂಗುತ್ತಾಳೆ.

ಯುವರಾಜ ಹುಬ್ಬಳ್ಳಿಯಿಂದ ಫೋನು ಮಾಡಿದ. "ಚಾಚಾ, ದಾರಿಗಿಂತ ಸೂಚನಾನ ಉದ್ದ ಆಗ್ಯಾವಲ್ರಿ. ಆ ಚಹಾದ ದಾರಿ ಎಲ್ಲಿ ಹೋತು? ಅದ ಎಲ್ಲಾಕ್ಕಿಂತ ಛಲೋ ಇತ್ತು."

ರಹಿಮಾನಸಾಬ ನಡೆದದ್ದನ್ನು ಹೇಳಿದ. ಯುವರಾಜ ಅದು ಯಾವ ದಿನ ಎಂದು ಕೇಳಿದ. ಇಪ್ಪತ್ತೆರಡರಲ್ಲಿ ಆರು ಯುವರಾಜನ ಗೆಳೆಯರ ಗಾಡಿಗಳು.

ಮುಂದಿನ ಭಾನುವಾರ ಅವನು ಒಬ್ಬನೇ ಬಂದ. ಎರಡು ಸುರುಳಿ ಹೊಸ ಡ್ರಿಪ್ ಪೈಪನ್ನು ಬೆನ್ನಿಗೆ ಅಡ್ಡಡ್ಡ ಹಾಕಿಕೊಂಡಿದ್ದ. ರಹಿಮಾನಸಾಬ ಅವನನ್ನು ಡಾಂಬರು ರಸ್ತೆಯಲ್ಲೇ, ಊರ ಮುಂದಿನಿಂದಲೇ, ಮೈಲವ್ವನ ಶೆಡ್ಡಿಗೆ ಕರೆದುಕೊಂಡು ಹೋದ. ಯುವರಾಜ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತು, "ತಪ್ಪಾತಬೇ ಅಜ್ಜಿ" ಎಂದ. ಮೈಲವ್ವ ಪೈಪಿನ ಸುರುಳಿ ಬಿಚ್ಚಿಸಿ, ಎಳೆದು, ಬಾಗಿಸಿ ಪರೀಕ್ಷೆ ಮಾಡಿದಳು. ಆಮೇಲೆ ಅವನ ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಇದರ ಮ್ಯಾಲ ಇಬ್ಬರು ಕುಂದ್ರತಾರೇನಪಾ?"

"ಕುಂದ್ರತಾರ."

"ಹಂಗಾರ ದೇವರಗುಡ್ಡಕ್ಕ ನಡಿ. ಇವತ್ತ ಆಯಿತವಾರ, ಮೈಲಾರಪ್ಪಗ ಕೈ ಮುಗದು ಬರತೇನಿ. ಬಸ್ಸಿನ ಹಾದಿ ಕಾಯ್ದು ಕಾಯ್ದು ಸಾಕಾಗೇತಿ."

ಸೀಟು ಅವಳ ಎದೆಯ ಮಟ್ಟಕ್ಕಿತ್ತು. ದನಕ್ಕೆ ನೀರಿಡುವ ಕಲ್ಲಿನ ಬಾನಿಯ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯುವರಾಜನ ಹೆಗಲಿನ ಕವಚ ಹಿಡಿದು ಹತ್ತಿ ಕುಳಿತಳು. ರಹಿಮಾನಸಾಬ ಮೊಪೆಡ್ಡಿನಲ್ಲಿ ಬೆನ್ನು ಹತ್ತಿದ. ಅರ್ಧ ಮೈಲು ಹೋಗಿದ್ದರೋ ಇಲ್ಲವೋ, ಮೈಲವ್ವ ಯುವರಾಜನ ಬೆನ್ನು ತಟ್ಟಿ ಎಡಕ್ಕೆ ಕೈ ಮಾಡಿದಳು. ದೊಡ್ಡ ಗಾಡಿ ಎರಡು ಕಳ್ಳಿ ಬೇಲಿಗಳ ಸಂದಿಯಲ್ಲಿ ನುಗ್ಗಿತು. ಆ ಸಂದಿಯನ್ನು ರಹಿಮಾನಸಾಬ ಇಪ್ಪತ್ತಾರು ವರ್ಷದಲ್ಲಿ ನೋಡಿರಲಿಲ್ಲ. ಅದು ಒಂದು ಹಳೆಯ ಕಟ್ಟೆಯ ಮಗ್ಗುಲಿಗೆ ಇಳಿದು, ಹುಣಸೆ ಮರಗಳ ಕೆಳಗೆ ತಣ್ಣಗೆ ಸಾಗಿ, ನೇರ ಗುಡ್ಡದ ಬುಡಕ್ಕೇ ಹೋಗಿ ಮುಟ್ಟಿತು.

ಮೆಟ್ಟಿಲ ಹತ್ತಿರ ಮೈಲವ್ವ ಇಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ರಹಿಮಾನಸಾಬ ಧೂಳು ಒರೆಸಿಕೊಳ್ಳುತ್ತ ಬಂದ. "ಇಂಥಾ ದಾರಿ ಐತಿ ಅಂತ ಹದಿನೈದ ವರ್ಷದಾಗ ಒಂದ ದಿವಸಾನೂ ಹೇಳಲಿಲ್ಲಲ್ರಿ, ಮೈಲವ್ವಕ್ಕ."

"ನೀವು ಕೇಳಲಿಲ್ಲ" ಎಂದಳು ಮೈಲವ್ವ. "ಫೋನ ಚಾಲೂ ಐತೇನು?"

ರಹಿಮಾನಸಾಬ ಕಿಸೆಯಿಂದ ಮೊಬೈಲು ತೆಗೆದ. ನೀಲಿ ಗೆರೆ ಹುಣಸೆ ಮರಗಳ ಕೆಳಗಿನಿಂದ ಗುಡ್ಡದ ಬುಡದ ತನಕ ಅಚ್ಚುಕಟ್ಟಾಗಿ ಬಂದು ಕುಳಿತಿತ್ತು. ಅವನು ಅದನ್ನು ಒಂದು ಕ್ಷಣ ಆಸೆಯಿಂದ ನೋಡಿದ. ಆಮೇಲೆ, ಎಲ್ಲಿ ಒತ್ತಿದರೆ ಗೆರೆ ಅಳಿಯುತ್ತದೆ ಎಂದು ತಿಳಿಯದೆ, ಅಳಿಸು ಎಂದು ಮೊಬೈಲನ್ನು ಯುವರಾಜನ ಕೈಗೆ ಕೊಟ್ಟ.