ವಾಸನೆ ಇಲ್ಲದ ಹೂವು

ರೇಷ್ಮೆಹುಳು ಸಾಕುವವರ ಮನೆಯಲ್ಲಿ ಮೂಗಿಗೆ ಬಲು ಮರ್ಯಾದೆ. ಹುಳುಮನೆಯ ಹತ್ತಿರ ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆಯ ಹೊಗೆ ಆ ಕಡೆ ಸುಳಿಯುವ ಹಾಗಿಲ್ಲ. ಅತ್ತರು ಹಾಕಿಕೊಂಡು ಬಂದ ನೆಂಟರನ್ನು ಅಂಗಳದಲ್ಲೇ ಕೂರಿಸಿ ಕಾಫಿ ಕೊಡುತ್ತೇವೆ. ಶಿಡ್ಲಘಟ್ಟದ ಕಡೆ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೂ ನನ್ನದು ಸ್ವಲ್ಪ ಅತಿಯಾಯಿತು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ.

ಮದುವೆಯಾಗಿ ಬಂದ ವರ್ಷವೇ ನನ್ನ ಹೆಂಡತಿ ಹುಳುಮನೆಯ ಬಾಗಿಲ ಪಕ್ಕ ಮಲ್ಲಿಗೆ ನೆಟ್ಟಳು. ಹುಳುವಿಗೆ ಆ ವಾಸನೆ ಆಗದು ಎಂದು ಕೀಳಿಸಿದೆ. ಆಮೇಲೆ ಗುಲಾಬಿ ತಂದಳು. ಕೊಳವೆಬಾವಿಯ ನೀರು ಹಿಪ್ಪುನೇರಳೆಗೇ ಸಾಲದು ಎಂದು ರಾಗ ತೆಗೆದೆ. ಅದು ಬೇಸಿಗೆಯಲ್ಲಿ ಒಣಗಿತು. ಎಷ್ಟೋ ವರ್ಷ ಅವಳು ಗಿಡದ ಮಾತೇ ಎತ್ತಲಿಲ್ಲ. ಕೊನೆಗೊಮ್ಮೆ ಚಿಂತಾಮಣಿಯ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಡ್ಡಿ ತಂದು ನನ್ನ ಮುಂದೆ ಹಿಡಿದಳು.

"ಸ್ಫಟಿಕದ ಗಿಡ. ವಾಸನೆ ಇಲ್ಲ, ನೀರೂ ಕೇಳಲ್ಲ. ಇನ್ನೇನಾದ್ರೂ ತಕರಾರಿದ್ರೆ ಈಗ್ಲೇ ಹೇಳ್ಬಿಡಿ. ಇದೂ ಹೋದ್ರೆ ಈ ಅಂಗಳದಲ್ಲಿ ನಾನು ಇನ್ನೊಂದು ಗಿಡ ನೆಡಲ್ಲ ಕಣ್ರೀ."

ತಕರಾರು ಹುಡುಕಿದೆ, ಸಿಗಲಿಲ್ಲ.

ಮುಂಗಾರಿನಲ್ಲಿ ಹುಳುಮನೆಯ ಬಾಗಿಲ ಪಕ್ಕ, ಮಲ್ಲಿಗೆ ಇದ್ದ ಜಾಗದಲ್ಲೇ ನೆಟ್ಟ ನಾಲ್ಕರಲ್ಲಿ ಎರಡು ಹಿಡಿದವು. ಮರುವರ್ಷದ ದೀಪಾವಳಿಯ ಹೊತ್ತಿಗೆ ಪೊದೆ ತುಂಬ ತಿಳಿನೇರಳೆ ಹೂವು, ಸಂಕ್ರಾಂತಿಯವರೆಗೂ ಬಿಡುವಿಲ್ಲ. ನಾನು ಸೊಪ್ಪು ಕೊಯ್ದು ಬರುವಷ್ಟರಲ್ಲಿ ಅವಳು ಮಾಲೆ ಕಟ್ಟಿ ದೇವರಿಗೊಂದು ತುಂಡು, ಜಡೆಗೊಂದು ತುಂಡು ಮಾಡಿರುತ್ತಿದ್ದಳು. ಬೇಸಿಗೆಯಲ್ಲಿ ಒಂದು ಚೊಂಬು ನೀರು ಹಾಕಲಿಲ್ಲ. ಎಲೆ ಜೋಲು ಹಾಕಿಕೊಂಡು ನಿಂತಿದ್ದ ಗಿಡ ಒಂದೇ ಮಳೆಗೆ ಚೇತರಿಸಿಕೊಂಡಿತು. ಅದರ ಮೇಲೆ ನನಗೆ ಒಳಗೊಳಗೇ ಪ್ರೀತಿ ಹುಟ್ಟಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಕಳೆದ ಬೇಸಿಗೆ, ಗೂಡು ಮಾರುಕಟ್ಟೆಗೆ ಹಾಕಿ ಬಂದ ಮರುದಿನ ಹುಳುಮನೆ ತೊಳೆದೆ. ಒಂದು ಬೆಳೆಯ ರೋಗ ಮುಂದಿನ ಹುಳುವಿಗೆ ದಾಟಬಾರದೆಂದು ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿ ನೆಲ, ಗೋಡೆಗಳನ್ನೆಲ್ಲ ತೊಳೆಯುವುದು ನಮ್ಮ ರೂಢಿ. ಕೊನೆಗೆ ಅರ್ಧ ಬಕೆಟ್ ಉಳಿಯಿತು. ಅವಳು ತೋಟದಲ್ಲಿದ್ದಳು. ಏನೋ ಯೋಚನೆಯಲ್ಲಿ ಬಾಗಿಲ ಪಕ್ಕ ಸುರಿದುಬಿಟ್ಟೆ. ನೋಡಿದರೆ ಸ್ಫಟಿಕದ ಬುಡವೆಲ್ಲ ಬೆಳ್ಳಗಾಗಿತ್ತು.

ಮೂರನೆಯ ದಿನಕ್ಕೆ ಎಲೆ ಸುಟ್ಟ ಹಾಗಾಯಿತು, ವಾರಕ್ಕೆ ಬರೀ ಕಡ್ಡಿ. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮುಖದ ಹತ್ತಿರ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಿಸಿಲು ಜಾಸ್ತಿ ಆಯ್ತೇನೋ, ಅಲ್ವಾ?"

"ಹೂಂ. ಈ ವರ್ಷ ವಿಪರೀತ," ಎಂದೆ.

ತಲೆ ನರೆತ ಗಂಡಸು ಒಂದು ಗಿಡಕ್ಕಾಗಿ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಯಿತು.

ಅವಳು ಗೇಣುದ್ದ ಬಿಟ್ಟು ಕಡ್ಡಿಗಳನ್ನು ಕತ್ತರಿಸಿದಳು. ನೀರೇ ಕೇಳದ ಗಿಡಕ್ಕೆ ಅಂದಿನಿಂದ ದಿನಕ್ಕೆ ನಾಲ್ಕು ಬಿಂದಿಗೆ ಸುರಿಯತೊಡಗಿದಳು. ಬೇರೆ ಹೊತ್ತಾಗಿದ್ದರೆ ಕೂಗಾಡುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡು ನಾನೇ ಬಿಂದಿಗೆ ತುಂಬಿ ಕೊಟ್ಟೆ. ತಿಂಗಳು ಕಳೆಯಿತು. ದಿನಾ ಬೆಳಗ್ಗೆ ಅವಳಿಗಿಂತ ಮೊದಲೇ ಹೋಗಿ ಬುಡ ನೋಡಿ ಬರುತ್ತಿದ್ದೆ.

ಎರಡು ಹದ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆ ಸಂತೋಷದಲ್ಲಿ ಮಾತು ತಾನಾಗಿ ಹೊರಬಿತ್ತು.

"ಬಿಸಿಲಲ್ಲ ಕಣೇ. ಬ್ಲೀಚಿಂಗ್ ನೀರು ಸುರಿದಿದ್ದು ನಾನೇ."

"ಗೊತ್ತು."

"ಹೆಂಗೆ?"

"ಮಣ್ಣು ಮೂಸಿದ್ನಲ್ಲ. ವಾಸನೆ ಅಂತ ನನ್ನ ಮಲ್ಲಿಗೆ ಕೀಳಿಸಿದೋರು, ನಿಮ್ಮ ಮೂಗಿಗೆ ಇದು ತಿಳೀಲಿಲ್ವಾ? ಅದಕ್ಕೇ ಬಿಂದಿಗೆಗಟ್ಟಲೆ ನೀರು ಹಾಕಿ ಮಣ್ಣು ತೊಳೆದೆ."

"ಆವತ್ತೇ ಯಾಕೆ ಕೇಳ್ಲಿಲ್ಲ?"

"ಗಿಡ ಮೊದಲು ಚಿಗುರುತ್ತೋ, ನೀವು ಮೊದಲು ಹೇಳ್ತೀರೋ ನೋಡಣ ಅಂತಿದ್ದೆ," ಎಂದು ಚಿಗುರಿನ ಮುಂದೆ ಕೂತಳು. "ಗಿಡಾನೇ ಗೆಲ್ತು."

ಆ ವಾರ ಚಿಂತಾಮಣಿಯಿಂದ ಒಂದು ಮಲ್ಲಿಗೆ ಗಿಡ ತಂದೆ. ಎಲ್ಲಿ ನೆಡಲಿ ಎಂದು ಕೇಳಿದೆ. ಹುಳುಮನೆಗೆ ದೂರವಾಗಿ, ಬಚ್ಚಲ ಹಿಂದಿನ ಜಾಗ ತೋರಿಸಿದಳು. ಗುಂಡಿ ನಾನು ತೆಗೆದೆ, ಗಿಡ ಅವಳು ನೆಟ್ಟಳು.